ಐದನೆಯ ಹೋಲಿನ ತಗ್ಗು

ತಗ್ಗು ಕಂಡರೆ ತುಂಬಬೇಕು, ಉಬ್ಬು ಕಂಡರೆ ಕಡಿಯಬೇಕು. ಇದು ಬಿಟ್ಟರೆ ನನಗೆ ಬೇರೆ ಧರ್ಮ ಗೊತ್ತಿರಲಿಲ್ಲ. ಧಾರವಾಡದಿಂದ ಪುಣೆಗೆ ಬಂದು, ನೆಲದ ಏರಿಳಿತ ಅಳೆಯುವ ಲೆವೆಲ್ ಯಂತ್ರ ಹಿಡಿದು, ಸರಕಾರಿ ರಸ್ತೆ ಕೆಲಸದಲ್ಲಿ ಓವರ್‌ಸಿಯರ್ ಆಗಿ ಹತ್ತು ವರ್ಷ ದುಡಿದಿದ್ದೆ. ನಾನು ಹಾಕಿಸಿದ ರಸ್ತೆಯ ಮೇಲೆ ಮಳೆ ಬಿದ್ದರೆ ನೀರು ಹೇಳಿದ ಮಾತು ಕೇಳಿದಂತೆ ಎರಡೂ ಬದಿಗೆ ಹರಿದು ಹೋಗುತ್ತಿತ್ತು. ಅದನ್ನು ನೋಡಲೆಂದೇ ಮಳೆಯಲ್ಲಿ ಕೊಡೆ ಹಿಡಿದು ಹೋಗಿ ನಿಲ್ಲುವ ಹುಚ್ಚು ಬೇರೆ ಇತ್ತು.

ಈಗ ಎಲ್ಲರೂ ಶಿವಾಜಿನಗರ ಎನ್ನುವ, ಆಗ ನಾವು ಭಾಂಬುರ್ಡಾ ಎನ್ನುತ್ತಿದ್ದ ಕಡೆ ಒಂದು ವಾಡೆಯಲ್ಲಿ ನಮ್ಮ ಎರಡು ಕೋಣೆಯ ಸಂಸಾರ. ಗೋಡೆಗೆ ತೂಗುಹಾಕಿದ ದೇವರ ಪಟ ಒಂದು ಗೋಧಿಕಾಳಿನಷ್ಟು ವಾಲಿದ್ದರೂ ನಾನು ಊಟ ಬಿಟ್ಟು ಎದ್ದು ಸರಿಮಾಡುತ್ತಿದ್ದೆ. ನನ್ನ ಹೆಂಡತಿಗೆ ನಗು ತಡೆಯುತ್ತಿರಲಿಲ್ಲ. "ನಿಮ್ಮ ಕಣ್ಣಾಗ ಆ ಲೆವೆಲ್ಲಿನ ಗುಳ್ಳಿ ಕೂತದ ನೋಡ್ರಿ. ನಾಳೆ ನನ್ನ ಮೂಗು ಸೊಟ್ಟ ಅದ ಅಂತ ಅದನ್ನೂ ಅಳೀತೀರಿ," ಎನ್ನುತ್ತಿದ್ದಳು. ನಾನು ಸಿಟ್ಟಾಗುತ್ತಿದ್ದೆ. ನಿಜ ಹೇಳಬೇಕೆಂದರೆ ಆ ಸಿಟ್ಟಿನಲ್ಲಿ ಸ್ವಲ್ಪ ಹೆಮ್ಮೆಯೂ ಇರುತ್ತಿತ್ತು.

ಎರಡನೆಯ ಮಹಾಯುದ್ಧ ಶುರುವಾಗಲು ಇನ್ನೂ ಎರಡೋ ಮೂರೋ ವರ್ಷ ಇದ್ದಾಗಿನ ಮಾತು. ಒಂದು ದಿನ ನಮ್ಮ ಕಚೇರಿಯ ದೊಡ್ಡ ಸಾಹೇಬರು ಕರೆಸಿ, ಯೆರವಡಾದ ಕಡೆ ತಾವು ಆಡುವ ಗಾಲ್ಫ್ ಮೈದಾನದ ನಕ್ಷೆ ಬೇಕಾಗಿದೆ, ಸಂಜೆ ಹೊತ್ತು ಮತ್ತು ರವಿವಾರ ಹೋಗಿ ಮಾಡಿಕೊಡು ಎಂದರು. ದೊಡ್ಡ ಸಾಹೇಬರು ಹೇಳಿದ ಮೇಲೆ ಇಲ್ಲ ಅನ್ನುವುದುಂಟೇ? ಮರುದಿನವೇ ಲೆವೆಲ್ ಯಂತ್ರ ಸೈಕಲ್ಲಿಗೆ ಕಟ್ಟಿಕೊಂಡು ನದಿ ದಾಟಿ ಹೊರಟೆ. ಆ ಕಾಲದಲ್ಲಿ ಯೆರವಡಾ ಎಂದರೆ ಜೈಲು. ದಿನಾ ಆ ಕಡೆ ಹೋಗುವ ನನ್ನನ್ನು ಕಂಡು ವಾಡೆಯ ಮುದುಕರೊಬ್ಬರು ಮರಾಠಿಯಲ್ಲಿ, ಏನು, ಸತ್ಯಾಗ್ರಹಕ್ಕೆ ಸೇರಿದಿರಾ ಎಂದು ಪಿಸುಗುಟ್ಟಿ ಕೇಳಿದರು. ಸಾಹೇಬರ ಚೆಂಡಾಟದ ಬಯಲು ಅಳೆಯಲು ಹೋಗುತ್ತಿದ್ದೇನೆ ಎಂದು ಹೇಳಲು ನಾಚಿಕೆಯಾಗಿ ಸುಮ್ಮನೆ ನಕ್ಕೆ.

ಆ ಬಯಲನ್ನು ಮೊದಲ ಸಲ ನೋಡಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಆಡುವ ಜಾಗವೆಂದರೆ ಗರಡಿಮನೆಯ ಅಂಗಳದ ಹಾಗೆ ಸಪಾಟಾಗಿರಬೇಕು ಎಂದುಕೊಂಡಿದ್ದವನು ನಾನು. ಇಲ್ಲಿ ನೋಡಿದರೆ ದಿಬ್ಬ, ತಗ್ಗು, ಜಾಲಿ ಮುಳ್ಳು, ನಡುವೆ ಅಡ್ಡಾದಿಡ್ಡಿಯಾಗಿ ಹರಿಯುವ ಒಂದು ನಾಲಾ. ಈ ಆಟದಲ್ಲಿ ಹೋಲ್ ಎಂದರೆ ಚೆಂಡು ಬೀಳುವ ಕುಳಿ ಮಾತ್ರವಲ್ಲ. ಮೊದಲ ಏಟು ಹೊಡೆಯುವ ಕಟ್ಟೆಯಿಂದ ಆ ಕುಳಿಯ ತನಕದ ಇಡೀ ಹರವಿಗೇ ಹೋಲ್ ಎನ್ನುತ್ತಾರೆ. ಅಂಥವು ಅಲ್ಲಿ ಒಂಬತ್ತಿದ್ದವು. ಕುಳಿಯ ಸುತ್ತ ವಿಲಾಯತಿಯಲ್ಲಿ ಹಸಿರು ಹುಲ್ಲು ಇರುತ್ತದಂತೆ. ಪುಣೆಯ ಬೇಸಿಗೆಯಲ್ಲಿ ಅದಕ್ಕೆ ನೀರು ಎಲ್ಲಿಂದ ತರಬೇಕು? ಹಾಗಾಗಿ ಮರಳಿಗೆ ಎಣ್ಣೆ ಕಲಸಿ, ದುಂಡಗೆ ಹರವಿ, ಗಟ್ಟಿಸಿ ಬಿಟ್ಟಿದ್ದರು. ಅದಕ್ಕೆ ಬ್ರೌನ್ ಎಂದು ಹೆಸರು. ಇಡೀ ಬಯಲಿನಲ್ಲಿ ನನ್ನ ಕಣ್ಣಿಗೆ ಹಿತವಾಗಿ ಕಂಡದ್ದು ಆ ಒಂಬತ್ತು ಬ್ರೌನ್‌ಗಳು ಮಾತ್ರ.

ಅಲ್ಲಿಯ ಮಣ್ಣಿನ ಕೆಲಸವನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಒಬ್ಬ ಮುಕಾದಮರು, ಅಂದರೆ ಕೂಲಿಗಳ ಮೇಸ್ತ್ರಿ. ಅರವತ್ತರ ಹತ್ತಿರದ ವಯಸ್ಸು, ಬಾಗಲಕೋಟೆ ಕಡೆಯವರು. ಅವರ ಕೈಕೆಳಗೆ ಗಂಡಸರು ಹೆಂಗಸರು ಸೇರಿ ಹದಿನಾಲ್ಕು ಜನ, ಎಲ್ಲ ಅವರ ನೆಂಟರೇ. ನಾಲಾದ ದಂಡೆಯ ಮೇಲೆ ಗುಡಿಸಲು ಹಾಕಿಕೊಂಡಿದ್ದರು. ಮೊದಲ ಎರಡು ದಿನ ನಾವಿಬ್ಬರೂ ಹರುಕು ಮುರುಕು ಮರಾಠಿಯಲ್ಲಿ ಮಾತಾಡಿದೆವು. ಮೂರನೆಯ ದಿನ ನನ್ನ ಕಾಲಿಗೆ ಜಾಲಿ ಮುಳ್ಳು ಚುಚ್ಚಿ "ಅಯ್ಯಯ್ಯೋ ಸತ್ತೆ" ಎಂದು ಕೂಗಿಕೊಂಡೆ. ಮುಕಾದಮರು ನಕ್ಕು, "ಏನ್ರಿ ಸಾಹೇಬ್ರ, ನಮ್ಮವರ ಇದ್ದೀರಿ! ಎರಡು ದಿನ ಸುಮ್ನ ನಾಲಗಿ ತಿರುವಿದ್ವಲ್ರಿ," ಎಂದರು. ಮುಳ್ಳನ್ನು ಅವರೇ ಕಿತ್ತರು.

ಅವತ್ತು ಅವರು ನನಗೆ ಒಂಬತ್ತೂ ಹೋಲ್ ತೋರಿಸುತ್ತ ನಡೆದರು. ತಮ್ಮ ಮನೆಯ ಸೊಸೆಯಂದಿರ ಗುಣ ಹೇಳಿದ ಹಾಗೆ ಒಂದೊಂದರ ಗುಣ ಹೇಳಿದರು. "ಈ ಮೂರನೇದು ನೋಡ್ರಿ, ದಂಡಿನ ಸಾಹೇಬ್ರು ಮಾಡಿಸಿದ್ದು. ಉದ್ದಕ ನೆಟ್ಟಗ, ಎರಡೂ ಕಡೆ ಒಂದ ಅಳತಿ ಕುಣಿ. ಕವಾಯತಿಗೆ ನಿಂದ್ರಿಸಿದಂಗ ಅದ. ನೆಟ್ಟಗ ಹೊಡ್ಯಾವ್ರಿಗೆ ಇದು ಭಾಳ ಸೇರ್ತದ." ಏಳನೆಯದರ ಹತ್ತಿರ, "ಇದನ್ನ ಮಾಡಿಸಿದ ಸಾಹೇಬ್ರು ಒಬ್ಬ ಡಾಕ್ಟರ್ರಿ. ನಾಲಾ ಬಳಸಿ ಬಳಸಿ ಹೋಗತದ. ಅವಸರ ಮಾಡಿದ್ರ ನೀರಾಗ. ಇದೂ ಚಲೋ ಅದ," ಎಂದರು. ಎಲ್ಲದಕ್ಕೂ ಚಲೋ ಎನ್ನುವ ಈ ಮನುಷ್ಯನಿಗೆ ಬುದ್ಧಿ ಸ್ವಲ್ಪ ಕಡಿಮೆ ಇರಬೇಕು ಎಂದುಕೊಂಡೆ.

ಐದನೆಯದರ ಹತ್ತಿರ ಬಂದಾಗ ಮಾತ್ರ ಅವರು ಏನೂ ಹೇಳಲಿಲ್ಲ. ನಾನೇ ಕೇಳಿದೆ. "ಇದು ನಾ ಮಾಡೀನ್ರಿ," ಎಂದರು. ಹಳೆಯ ಐದನೆಯ ಹೋಲ್ ಒಂದು ಮಳೆಗಾಲದಲ್ಲಿ ಕೊಚ್ಚಿಹೋದಾಗ, ಊರಿಗೆ ಹೊರಟಿದ್ದ ಆಗಿನ ಸಾಹೇಬರು ನಿನಗೆ ತಿಳಿದಂತೆ ಮಾಡಿಡು ಎಂದು ಹೇಳಿ ಹೋಗಿದ್ದರಂತೆ. ಇವರು ಎರಡು ಮಳೆಗಾಲ ಆ ನೆಲವನ್ನು ನೋಡುತ್ತ ಕೂತು, ಮೂರನೆಯ ವರ್ಷ ಮಾಡಿದ್ದು ಇದು. ಹೊಡೆಯುವ ಕಟ್ಟೆಯ ಮುಂದೆ ಆಳೆತ್ತರದ ಒಂದು ದಿಬ್ಬ. ದಿಬ್ಬದ ಆಚೆ, ಆಡುವವರ ಕಣ್ಣಿಗೆ ಬೀಳದ ಹಾಗೆ, ತಾಟಿನ ಆಕಾರದ ದೊಡ್ಡ ತಗ್ಗು. ತಗ್ಗಿನ ಆಚೆ ಅಂಚಿನಲ್ಲಿ ಬ್ರೌನ್. ಬ್ರೌನ್ ಕಡೆ ನೆಟ್ಟಗೆ ಹೊಡೆದರೆ ಚೆಂಡು ಅದನ್ನು ದಾಟಿ ಮುಳ್ಳಿಗೆ ಹೋಗುತ್ತಿತ್ತು. ನಂಬಿಕೆಯಿಂದ ಎಡಕ್ಕೆ ಹೊಡೆದವರ ಚೆಂಡು ತಗ್ಗಿಗಿಳಿದು, ಗೋಡೆಗುಂಟ ಸುತ್ತಿ, ಮೆಲ್ಲಗೆ ಮೇಲೆ ಹತ್ತಿ ಕುಳಿಯ ಹತ್ತಿರ ಬಂದು ನಿಲ್ಲುತ್ತಿತ್ತು.

ನಾನು ಕೇಳಿದ್ದು ಒಂದೇ ಪ್ರಶ್ನೆ. "ಮಳಿಗಾಲದಾಗ ಈ ತಗ್ಗಿನಾಗ ನೀರು ನಿಂದ್ರತದಲ್ಲ, ಏನ್ ಮಾಡ್ತೀ?"

"ಎರಡು ದಿನ ನಿಂದ್ರತದ್ರಿ. ಆಮ್ಯಾಲ ಕುಡೀತದ ನೆಲ."

ಎರಡು ದಿನ ನೀರು ನಿಲ್ಲುವುದೇ! ನನ್ನ ಕೆಲಸದಲ್ಲಿ ಎರಡು ಗಳಿಗೆ ನೀರು ನಿಂತರೆ ಮೇಲಿನವರು ಸಂಬಳ ಕತ್ತರಿಸುತ್ತಿದ್ದರು. ಮುಖ ಸಿಂಡರಿಸಿಕೊಂಡು ಅಳತೆಗೆ ತೊಡಗಿದೆ.

ನಕ್ಷೆ ಯಾತಕ್ಕೆಂದು ಗೊತ್ತಾದದ್ದು ಆ ಕ್ಲಬ್ಬಿನ ಕಾರ್ಯದರ್ಶಿ ಸಾಹೇಬರಿಂದ. ಆತ ನಿವೃತ್ತ ಮಿಲಿಟರಿ ಮನುಷ್ಯ, ಮೀಸೆಗೂ ಇಸ್ತ್ರಿ ಹಾಕಿದಂತೆ ಕಾಣುತ್ತಿದ್ದ. ಮುಂಬಯಿಗೆ ವಿಲಾಯತಿಯಿಂದ ಒಬ್ಬರು ಬಂದಿದ್ದಾರೆ, ಗಾಲ್ಫ್ ಮೈದಾನಗಳ ವಿನ್ಯಾಸ ಮಾಡುವುದೇ ಅವರ ಕಸುಬು, ಮಳೆ ಹಿಡಿಯುವ ಮೊದಲು ಇಲ್ಲಿಗೆ ಬರುತ್ತಾರೆ ಎಂದ. ಅವರು ಈ ಬಯಲಿನಲ್ಲಿ ಉಳಿಸಿಕೊಳ್ಳುವಂಥದ್ದು ಏನೂ ಇಲ್ಲ ಎಂದುಬಿಟ್ಟರೆ ಇಡೀ ಕೆಲಸ ಮುಂಬಯಿಯ ಕಂತ್ರಾಟುದಾರನಿಗೆ. ಆತ ತನ್ನ ಜನವನ್ನೇ ತರುತ್ತಾನೆ. ಮುಕಾದಮ, ಅವನ ಹದಿನಾಲ್ಕು ಜನ, ಗುಡಿಸಲು ಎಲ್ಲ ಖಾಲಿ ಮಾಡಬೇಕು. ಇದನ್ನು ಆತ ಹವಾಮಾನ ಹೇಳಿದಷ್ಟು ಸಲೀಸಾಗಿ ಹೇಳಿದ.

ಮುಕಾದಮರಿಗೂ ಇದು ಗೊತ್ತಿತ್ತು. "ಉಳಿದ ಎಂಟೂ ಸಾಹೇಬ್ರವು. ಅವನ್ನ ನೋಡಿ ನನ್ನ ಯಾಕ ಇಟ್ಕೋತಾರ್ರಿ? ಐದನೇದು ನೋಡಿ ಅವ್ರ ಮನಸಿಗೆ ಬಂದ್ರ ನಾವು ಉಳದ್ವಿ. ಇಲ್ಲಾಂದ್ರ ಗಂಟು ಮೂಟಿ ಕಟ್ಟೂದ," ಎಂದರು. ಅಷ್ಟರಲ್ಲಿ ಊರಿನಲ್ಲಿ ಅವರ ಮಗಳ ಮದುವೆ ಬಂತು. ಎಂಟು ದಿನದಲ್ಲಿ ಬರುತ್ತೇನೆ ಎಂದು ಹೊರಟರು. ಕಾರ್ಯದರ್ಶಿ ಅವರ ಜನವನ್ನು ನನ್ನ ಸುಪರ್ದಿಗೆ ಕೊಟ್ಟು, ಮುಂಬಯಿಯವರು ಬರುವಷ್ಟರಲ್ಲಿ ಬಯಲು ಚೊಕ್ಕವಾಗಿರಲಿ ಎಂದ.

ನನ್ನ ಕೈಗೆ ಹದಿನಾಲ್ಕು ಜನ, ಗುದ್ದಲಿ, ಬುಟ್ಟಿ! ಮುಳ್ಳು ಕಡಿಸಿದೆ, ಬ್ರೌನ್‌ಗಳನ್ನು ಗುಡಿಸಿದೆ. ಆಮೇಲೆ ನನ್ನ ಕಣ್ಣು ಐದನೆಯದರ ತಗ್ಗಿನ ಮೇಲೆ ಬಿತ್ತು. ದೇವರಾಣೆ, ನಾನು ಮುಕಾದಮರಿಗೆ ಉಪಕಾರ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ. ಮುಂಬಯಿಯ ದೊರೆ ಬಂದ ದಿನ ಮಳೆ ಬಿದ್ದು, ಆ ತಗ್ಗಿನಲ್ಲಿ ಎಮ್ಮೆ ಮಲಗುವಷ್ಟು ನೀರು ನಿಂತರೆ ಈ ಬಡವರ ಗತಿಯೇನು? ಗುಂಪಿನ ಹಿರಿಯ ಹೆಂಗಸು ಬುಟ್ಟಿ ಕೆಳಗಿಟ್ಟು, "ಮುಕಾದಮ್ರು ಬರಲಿ ತಡೀರಿ ಸಾಹೇಬ್ರ," ಎಂದಳು. "ನಿನಗೇನ್ ತಿಳೀತದ, ಸುಮ್ನ ಹಾಕು," ಎಂದು ಗದರಿಸಿದೆ. ಎರಡು ದಿನದಲ್ಲಿ ತಗ್ಗು ತುಂಬಿತು. ಮೇಲೆ ಕಲ್ಲಿನ ರೋಲರ್ ಎಳೆಸಿ, ನಾಲಾದ ಕಡೆಗೆ ಸಣ್ಣ ಇಳಿಜಾರು ಕೊಟ್ಟೆ. ಎಂಥ ಅಚ್ಚುಕಟ್ಟು ಅಂತೀರಿ! ಅವತ್ತು ಮನೆಗೆ ಹೋಗಿ ಹೆಂಡತಿಯ ಮುಂದೆ ಕೊಚ್ಚಿಕೊಂಡೆ. ಅವಳು, "ಅವ್ರನ್ನ ಒಂದ್ ಮಾತ್ ಕೇಳಿದ್ರೇನು?" ಎಂದಳು. ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಮರುದಿನ ಸಂಜೆ ಇಬ್ಬರು ಮುದುಕ ಸಾಹೇಬರು ಆಡಲು ಬಂದರು. ನಾನು ಬ್ರೌನ್ ಪಕ್ಕದಲ್ಲಿ ನಿಂತಿದ್ದೆ. ಮೊದಲನೆಯವರು ಎಡಕ್ಕೆ ಹೊಡೆದರು. ಚೆಂಡು ದಿಬ್ಬ ದಾಟಿ, ನನ್ನ ಅಚ್ಚುಕಟ್ಟಾದ ಇಳಿಜಾರಿಗೆ ಬಿದ್ದು, ಯಾರನ್ನೂ ಕೇಳದೆ ನಾಲಾದ ಕಡೆ ಹೊರಟುಹೋಯಿತು. ಎರಡನೆಯವರದೂ ಅಷ್ಟೆ. ಇಬ್ಬರೂ ತಮ್ಮ ವಯಸ್ಸು ಮರೆತು ದಿಬ್ಬದ ಮೇಲೆ ಓಡಿ ಬಂದರು, ಆಚೆ ನೋಡಿದರು, ನಿಂತರು. ಇಬ್ಬರ ಮುಖವೂ ಇಳಿದುಹೋಯಿತು. ಸುಮ್ಮನೆ ಚೆಂಡು ಎತ್ತಿಕೊಂಡು ಮುಂದಿನ ಹೋಲಿಗೆ ಹೋದರು.

ಆಗ ನನಗೆ ಹೊಳೆಯಿತು. ಆ ಹಿಂದೆ ಹತ್ತು ಸಂಜೆ ಇದೇ ಮುದುಕರು ಇದೇ ದಿಬ್ಬ ಹತ್ತಿ, ಚೆಂಡು ತಗ್ಗಿನಲ್ಲಿ ಸುತ್ತಿ ಬರುವುದನ್ನು ನೋಡಿ ಹೋ ಎಂದು ಕೂಗಿ, ಒಬ್ಬರ ಬೆನ್ನು ಒಬ್ಬರು ಚಪ್ಪರಿಸಿಕೊಳ್ಳುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಕಂಡೂ ನೋಡಿರಲಿಲ್ಲ. ಲೆವೆಲ್ಲಿನ ಗಾಜಿನಲ್ಲಿ ಕಣ್ಣಿಟ್ಟವನಿಗೆ ಮನುಷ್ಯರ ಮುಖ ಎಲ್ಲಿ ಕಾಣಬೇಕು? ನಾನು ತುಂಬಿದ್ದು ಚರಂಡಿಯ ತಗ್ಗಲ್ಲ, ಆ ಮನುಷ್ಯ ಮೂರು ವರ್ಷ ಯೋಚಿಸಿ ಮಾಡಿದ ಕೆಲಸ. ಆ ಕೆಲಸದ ಮೇಲೆ ಹದಿನೈದು ಜನರ ಅನ್ನ ನಿಂತಿತ್ತು. ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಮುಕಾದಮರು ಹೇಳಿದ ದಿನವೇ ಬಂದರು, ಮದುವೆಯ ಬುಂದಿ ಲಾಡು ಒಂದು ಗಂಟು ಹಿಡಿದುಕೊಂಡು. ನನಗೆ ಗಂಟು ಕೊಟ್ಟು, ನೆಟ್ಟಗೆ ಐದನೆಯದಕ್ಕೆ ಹೋದರು. ನಾನು ಹಿಂದೆಯೇ ಹೋದೆ. ದಿಬ್ಬದ ಮೇಲೆ ನಿಂತು ಆಚೆ ನೋಡಿ, ಅವರು ರುಮಾಲು ತೆಗೆದು ಹೆಗಲಿಗೆ ಹಾಕಿಕೊಂಡರು.

"ನಾ ತುಂಬಿಸೀನಿ," ಎಂದೆ.

"ಗೊತ್ತಾತ್ರಿ. ಇಷ್ಟು ನೆಟ್ಟಗ ಮತ್ಯಾರು ಮಾಡ್ತಾರ?" ಎಂದವರು ನನ್ನ ಕಡೆ ತಿರುಗಿದರು. "ತಗ್ಗಿನಾಗ ಹಾಕಿಲ್ರಿ ಸಾಹೇಬ್ರ. ನಮ್ಮ ಬಾಯಾಗ ಹಾಕಿದ್ರಿ ಮಣ್ಣು."

ನಾನು ಹದಿನೈದು ವರ್ಷ ಓದು, ನೌಕರಿ ಎಂದು ಬೆಳೆಸಿಕೊಂಡ ದಿಮಾಕು ಅಲ್ಲೇ ಇಳಿಯಿತು. "ತಪ್ಪಾತು. ಮುಂಬಯಿಯವ್ರು ಬರಾಕ ಇನ್ನೂ ಮೂರು ದಿನ ಅದ. ನೀವು ಹೇಳಿದಂಗ ಮಾಡೂಣು," ಎಂದೆ. ಅವರಿಗೆ ನೀ ಎನ್ನುತ್ತಿದ್ದ ನಾನು ನೀವು ಎಂದದ್ದು ಅದೇ ಮೊದಲು.

ನನ್ನ ಹತ್ತಿರ ಒಂದೇ ಆಸರೆ ಇತ್ತು. ತುಂಬುವ ಮೊದಲು ಆ ತಗ್ಗನ್ನು ಹತ್ತು ಅಡಿಗೊಂದರಂತೆ ಅಳೆದು ಪುಸ್ತಕದಲ್ಲಿ ಬರೆದಿದ್ದೆ. ಸಿಟ್ಟಿನಲ್ಲಿ ಅದನ್ನು ಮೂಸಿಯೂ ನೋಡಲಾರರು ಎಂದುಕೊಂಡೆ. ಆದರೆ ಮುಕಾದಮರು ಪುಸ್ತಕ ಕೈಗೆ ತೆಗೆದುಕೊಂಡು, ಓದಲು ಬಾರದಿದ್ದರೂ ಹಾಳೆಯ ಮೇಲೆ ಬೆರಳಾಡಿಸಿದರು. "ಅಂದ್ರ ನಮ್ಮ ತಗ್ಗು ಇದರಾಗ ಅದ ಏನ್ರಿ? ಹಿಂಗೂ ಹಿಡದಿಡಬಹುದು ಏನು!" ಎಂದು ಬೆರಗಾದರು. ನನ್ನ ಕಣ್ಣಲ್ಲಿ ನೀರು ಬಂತು. ನಾನು ಅವರ ಕೆಲಸವನ್ನು ಎರಡು ತಿಂಗಳು ನೋಡಿಯೂ ಗೌರವಿಸಿರಲಿಲ್ಲ. ಅವರು ನನ್ನ ಕೆಲಸವನ್ನು ಅರ್ಧ ಗಳಿಗೆಯಲ್ಲಿ ಗೌರವಿಸಿದರು, ಅದೂ ಅದೇ ಕೈ ತಮ್ಮ ಹೊಟ್ಟೆಯ ಮೇಲೆ ಹೊಡೆದ ಮೇಲೆ.

ಕಚೇರಿಗೆ ಜ್ವರವೆಂದು ಚೀಟಿ ಕಳಿಸಿದೆ. ನಾನು ಅಂಕಿ ಕೂಗುತ್ತ ಹೋದೆ, ಅವರ ಜನ ಅಷ್ಟಷ್ಟೇ ಕಡಿಯುತ್ತ ಬಂದರು. ಎರಡನೆಯ ದಿನದ ಕೊನೆಗೆ ತಗ್ಗು ಮೊದಲಿನ ಆಕಾರಕ್ಕೆ ಬಂತು. ಮುಕಾದಮರು ಚೆಂಡು ಉರುಳಿಸಿದರು. ಅದು ಅರ್ಧ ಸುತ್ತಿ ತಳದಲ್ಲಿ ನಿಂತುಬಿಟ್ಟಿತು. ಮತ್ತೆ ಉರುಳಿಸಿದರು, ಮತ್ತೆ ನಿಂತಿತು. ಅವರು ಬರಿಗಾಲಲ್ಲಿ ಎಡಗೋಡೆಯ ಮೇಲೆ ಹಿಂದೆ ಮುಂದೆ ನಡೆದು, "ಇಲ್ಲೊಂದು ಉಬ್ಬು ಇತ್ರಿ. ಅಂಗೈ ಎತ್ತರದ್ದು. ನಿಮ್ಮ ಪುಸ್ತಕದಾಗ ಇಲ್ಲೇನು?" ಎಂದರು.

ಪುಸ್ತಕ ತೆರೆದೆ. ಆ ಜಾಗದ ಅಂಕಿಯನ್ನು ನಾನು ಮೊದಲು ಸರಿಯಾಗಿಯೇ ಬರೆದಿದ್ದೆ. ಆಮೇಲೆ, ಅಕ್ಕಪಕ್ಕದ ಅಂಕಿಗಳಿಗೆ ಇದು ಹೊಂದುವುದಿಲ್ಲ, ನೋಡುವುದರಲ್ಲಿ ತಪ್ಪಾಗಿರಬೇಕು ಎಂದು ಹೊಡೆದುಹಾಕಿ, ಹೊಂದುವ ಅಂಕಿ ಬರೆದಿದ್ದೆ. ಹೊಡೆದುಹಾಕಿದ್ದು ಕೆಂಪು ಶಾಯಿಯ ಕೆಳಗೆ ಇನ್ನೂ ಕಾಣುತ್ತಿತ್ತು. ಅದನ್ನು ಓದಿ ಹೇಳಿದೆ. ಮುಕಾದಮರು ಒಂದೂವರೆ ಬುಟ್ಟಿ ಮಣ್ಣು ತರಿಸಿ, ಅಂಗೈಯಿಂದಲೇ ತಟ್ಟಿ ತಟ್ಟಿ ಕೂಡಿಸಿದರು. ಒಂದು ಕೊಡ ನೀರು ಸುರುವಿ ಅದು ಹೇಗೆ ತಿರುಗುತ್ತದೆ ಎಂದು ಕುಕ್ಕರಗಾಲಲ್ಲಿ ಕೂತು ನೋಡಿದರು. ಮರುದಿನ ಮಣ್ಣು ಆರಿದ ಮೇಲೆ ಚೆಂಡು ಉರುಳಿಸಿದರೆ, ಆ ಉಬ್ಬಿಗೆ ತಾಗಿ ಸ್ವಲ್ಪ ಬಾಗಿ, ಸುತ್ತಿ, ಮೇಲೆ ಹತ್ತಿ, ಬ್ರೌನ್ ಮೇಲೆ ಬಂದು ನಿಂತಿತು. ಹಿರಿಯ ಹೆಂಗಸು ಕೇಕೆ ಹಾಕಿದಳು. ನಾನಂತೂ ನೌಕರಿ, ಮರ್ಯಾದೆ ಎಲ್ಲ ಮರೆತು ಕುಣಿದೆ.

ಮುಂಬಯಿಯಿಂದ ಬಂದವರು ಸಣಕಲು ದೇಹದ, ಒಂದು ಕಾಲು ಎಳೆದು ನಡೆಯುವ ಮುದುಕರು. ಕಾರ್ಯದರ್ಶಿ ಹರವಿದ ನಕ್ಷೆಯ ಕಡೆ ಅವರು ಕಣ್ಣೆತ್ತಿಯೂ ನೋಡಲಿಲ್ಲ. ಒಂದೊಂದೇ ಹೋಲಿನಲ್ಲಿ ನಡೆದರು, ನಿಂತರು, ಹಿಂದಿರುಗಿ ನೋಡಿದರು. ಕವಾಯತಿನ ಮೂರನೆಯದನ್ನೂ ನೋಡಿ, ಇದನ್ನು ಮಾಡಿದವನಿಗೆ ತನಗೇನು ಬೇಕೆಂದು ಚೆನ್ನಾಗಿ ಗೊತ್ತಿತ್ತು ಎಂದು ಮೆಚ್ಚಿಕೊಂಡರು. ಐದನೆಯದರಲ್ಲಿ ಕುರ್ಚಿ ತರಿಸಿ ತಗ್ಗಿನ ಪಕ್ಕ ಕೂತರು. ಜೇಬಿನಿಂದ ಚೆಂಡು ತೆಗೆದು ಕೈಯಿಂದಲೇ ಉರುಳಿಸುತ್ತ ಹೋದರು. ಹತ್ತಾರು ಸಲ. ಪ್ರತಿ ಸಲವೂ ಮುಗುಳುನಗೆ. ಕೊನೆಗೆ, ಇದನ್ನು ಮಾಡಿದ್ದು ಯಾರು ಎಂದು ಕೇಳಿದರು.

ಕಾರ್ಯದರ್ಶಿ ನನ್ನ ಬೆನ್ನ ಮೇಲೆ ಕೈಯಿಟ್ಟು, ನಮ್ಮ ಓವರ್‌ಸಿಯರ್ ಬಹಳ ಶ್ರಮಪಟ್ಟಿದ್ದಾನೆ ಎಂದ. ದೂರದಲ್ಲಿ ಮುಕಾದಮರು ಕೈಕಟ್ಟಿ ನಿಂತಿದ್ದರು. ನನ್ನ ಮುರುಕು ಇಂಗ್ಲಿಷಿನಲ್ಲಿ, ಸಾಹೇಬರೇ, ನಾನು ಇದನ್ನು ತುಂಬಿದವನು, ಮಾಡಿದವರು ಅಗೋ ಅಲ್ಲಿದ್ದಾರೆ ಎಂದೆ. ಉಬ್ಬಿನ ಕಥೆ, ಕೆಂಪು ಶಾಯಿ, ಎಲ್ಲ ಹೇಳಿಬಿಟ್ಟೆ. ಕಾರ್ಯದರ್ಶಿಯ ಮುಖ ಕೆಂಪೇರಿತು. ಮುಂಬಯಿಯವರು ಮಾತ್ರ ಕುರ್ಚಿಯಲ್ಲಿ ಬಿದ್ದು ಬಿದ್ದು ನಕ್ಕರು. ತಮ್ಮ ಪ್ರಾಯದಲ್ಲಿ ತಾವೂ ಇಂಥ ಎರಡು ತಗ್ಗು ತುಂಬಿಸಿದ್ದುಂಟು ಎಂದರು. ಮುಕಾದಮರನ್ನು ಹತ್ತಿರ ಕರೆದು, ಆ ಉಬ್ಬು ಅಲ್ಲಿ ಬೇಕೆಂದು ಹೇಗೆ ತಿಳಿಯಿತು ಎಂದು ನನ್ನ ಮೂಲಕ ಕೇಳಿದರು.

"ಮಳಿ ನೀರು ಅಲ್ಲಿ ತಿರುಗತಿತ್ರಿ. ಯಾಕ ತಿರುಗತದ ಅಂತ ಹುಡುಕಿದ್ರ ಒಂದು ಕಲ್ಲಿತ್ತು. ಕಲ್ಲು ತಗದು, ಅಷ್ಟ ಮಣ್ಣು ಇಟ್ಟೆ," ಎಂದರು ಮುಕಾದಮರು.

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಆ ಮುದುಕರು ಎದ್ದು ಹ್ಯಾಟು ತೆಗೆದರು. ಕಾರ್ಯದರ್ಶಿಗೆ, ನನಗೆ ಕಂತ್ರಾಟುದಾರ ಬೇಡ, ಈ ಮನುಷ್ಯ ಮತ್ತು ಈತನ ಜನ ಸಾಕು ಎಂದರು. ಅಷ್ಟು ಹೇಳಿದ್ದೇ ತಡ, ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಎಲ್ಲ ಮುಗಿಯಿತು, ಗೆದ್ದೆವು ಎಂದುಕೊಂಡೆ.

ಮುಗಿದಿರಲಿಲ್ಲ. ಮೂರನೆಯ ದಿನ ಅವರು ಬಯಲಿನ ತುಂಬ ಸಣ್ಣ ಸಣ್ಣ ಬಾವುಟ ನೆಡಿಸಿ ತಮ್ಮ ಹೊಸ ಹೋಲುಗಳನ್ನು ಗುರುತು ಮಾಡಿದರು. ಅವುಗಳಲ್ಲಿ ಒಂದು ಐದನೆಯದನ್ನು ಅಡ್ಡವಾಗಿ ಸೀಳಿಕೊಂಡು ಹೋಗುತ್ತಿತ್ತು. ನಾಲಾದ ಎತ್ತರದ ದಂಡೆಯಿಂದ ಹೊಡೆಯಬೇಕು. ನಾಲಾ ಓರೆಯಾಗಿ ಉದ್ದಕ್ಕೂ ಜೊತೆಗೆ ಬರುತ್ತದೆ. ಬ್ರೌನ್ ಆಚೆ ದಂಡೆಯಲ್ಲಿ. ಎಲ್ಲವೂ ಕಣ್ಣ ಮುಂದೆ ಬಿಚ್ಚಿಟ್ಟಿದೆ, ಮುಚ್ಚುಮರೆ ಏನೂ ಇಲ್ಲ. ನಾಲಾವನ್ನು ಎಲ್ಲಿ ದಾಟಬೇಕು ಎಂಬುದು ಆಡುವವನಿಗೆ ಬಿಟ್ಟದ್ದು. ಹತ್ತಿರ ದಾಟಿದರೆ ಕ್ಷೇಮ, ಆದರೆ ದಾರಿ ದೂರ. ದೂರ ದಾಟಿದರೆ ಹತ್ತಿರದ ದಾರಿ, ತಪ್ಪಿದರೆ ನೀರು. ಇದಕ್ಕೆ ದಿಬ್ಬವನ್ನು ಕಡಿದು ತಗ್ಗನ್ನು ಮುಚ್ಚಬೇಕು. ಆ ಮುದುಕರು ನನಗೆ ಹೇಳಿದರು: ಎರಡಕ್ಕೂ ಜಾಗ ಇಲ್ಲ. ಹಳೆಯದು ಉಳಿಯಬೇಕೆಂದರೆ ಈ ಬಾವುಟಗಳನ್ನು ಕಿತ್ತುಬಿಡುತ್ತೇನೆ, ನನಗೆ ಬೇಸರವಿಲ್ಲ. ಮಾಡಿದವನನ್ನೇ ಕೇಳು.

ಕಾರ್ಯದರ್ಶಿಗೆ ಕೂಲಿಯವನ ಒಪ್ಪಿಗೆ ಕೇಳುವುದೆಂದರೆ ಲೋಕ ತಲೆಕೆಳಗಾದಂತೆ. ನನಗೆ ಬೇರೆಯೇ ಸಂಕಟ. ಮುಕಾದಮರಿಗೆ ಇಷ್ಟೂ ವಿಷಯ ತಿಳಿಸಿ, ಅವರು ಬಾಯಿ ತೆರೆಯುವ ಮೊದಲೇ, "ಬ್ಯಾಡ ಅನ್ರಿ ಮುಕಾದಮ್ರ. ನಿಮ್ಮ ಕೆಲಸ ಹೆಂಗೂ ಉಳದದ. ಇದೇನ್ ಚಂದ, ಎಲ್ಲಾ ಕಾಣಿಸ್ತದ! ಗುಟ್ಟೇ ಇಲ್ಲದ ಆಟ," ಎಂದೆ. ಎರಡು ವಾರದ ಹಿಂದೆ ಸಪಾಟು ಬಿಟ್ಟು ಬೇರೇನೂ ಒಪ್ಪದಿದ್ದವನು ಈಗ ಆ ತಗ್ಗು ಬಿಟ್ಟು ಬೇರೇನೂ ಒಪ್ಪದವನಾಗಿದ್ದೆ. ನನ್ನ ಹಟದ ಬಣ್ಣ ಬದಲಾಗಿತ್ತು ಅಷ್ಟೆ.

ಮುಕಾದಮರು ರುಮಾಲು ಬಿಗಿದುಕೊಂಡರು. ನಾಲಾದ ದಂಡೆಗೆ ಹೋಗಿ ನಿಂತರು. ಬಾವುಟದ ಗುಂಟ ಕೊನೆಯ ತನಕ ನಡೆದರು, ತಿರುಗಿ ಬಂದರು, ಮತ್ತೆ ನಡೆದರು. ಎರಡನೆಯ ಸಲ ದಂಡೆಯ ಮೇಲೆ ಕೂತು ಬಹಳ ಹೊತ್ತು ಆಚೆ ನೋಡಿದರು. ನಾನು ಹತ್ತಿರ ಹೋದಾಗ ಅವರ ಮುಖ ಅರಳಿತ್ತು.

"ಭಾಳ ಚಲೋ ಅದರಿ ಸಾಹೇಬ್ರ," ಎಂದರು. "ನಂದು ಕಣ್ಣು ಕಟ್ಟಿ ನಗಸ್ತಿತ್ತು. ಇದು ಕಣ್ಣು ತಗಿಸಿ ಕೇಳ್ತದ, ನಿನಗ ಎಷ್ಟು ಧೈರ್ಯ ಅದ ಅಂತ. ನಾ ಇಷ್ಟು ವರ್ಷ ಈ ನಾಲಾದ ದಂಡಿ ಮ್ಯಾಲೆ ಕುಂತೀನಿ, ನನಗ ಇದು ಕಾಣಲಿಲ್ಲ. ಆ ಮುದುಕಗ ಎರಡು ದಿನದಾಗ ಕಾಣತು."

"ಆದ್ರ ನಿಮ್ಮದು ಹೋಗತದಲ್ರಿ!" ಎಂದೆ.

"ಹೋಗತದ. ನಂದೂ ಚಲೋ ಇತ್ತು. ಜಾಗ ಒಂದ ಅದ, ಏನ್ ಮಾಡೂದು?"

ಆ ಹೊಸ ಹೋಲ್ ಎಷ್ಟು ಸೊಗಸಾಗಿದೆ ಎಂದು ಒಪ್ಪಿಕೊಳ್ಳಲು ನನಗೆ ಎರಡು ಮಳೆಗಾಲ ಬೇಕಾಯಿತು. ಒಪ್ಪಿಕೊಂಡ ಮೇಲೆ ಸಂಜೆಯ ಹೊತ್ತು ಬರೀ ಅದನ್ನು ನೋಡಲೆಂದೇ ಸೈಕಲ್ ಹತ್ತಿ ಹೋಗುತ್ತಿದ್ದೆ. ಆದರೆ ಅವತ್ತು ನನಗೆ ಅದರ ಮೇಲೆ ದ್ವೇಷವೇ ಇತ್ತು.

ಮುಂಬಯಿಯವರು ಮುಕಾದಮರ ಉತ್ತರ ಕೇಳಿ ಒಮ್ಮೆ ತಗ್ಗಿನ ಕಡೆ ತಿರುಗಿ ನೋಡಿದರು. ಆಮೇಲೆ, ಈತ ಇದರಲ್ಲಿ ಎಂದಾದರೂ ಆಡಿದ್ದಾನೆಯೇ ಎಂದು ಕೇಳಿದರು. ಕಾರ್ಯದರ್ಶಿ ನಕ್ಕ. ಕೂಲಿಯವರು ಆಡುವುದೆಲ್ಲಿ ಬಂತು? ಹದಿನೆಂಟು ವರ್ಷ ಆ ಹೋಲನ್ನು ಗುಡಿಸಿ, ಕಾಯ್ದು, ಮಳೆಯ ನಂತರ ಮಳೆ ತಿದ್ದಿದ ಮನುಷ್ಯ ಒಂದು ಸಲವೂ ಅಲ್ಲಿ ಚೆಂಡಿಗೆ ಕೋಲು ಮುಟ್ಟಿಸಿರಲಿಲ್ಲ. ಮುದುಕರು ತಮ್ಮ ಚೀಲದಿಂದ ಒಂದು ಕೋಲು ಎಳೆದು, ಕಟ್ಟೆಯ ಮೇಲೆ ತಾವೇ ಚೆಂಡು ಇಟ್ಟು, ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಮುಕಾದಮರ ಮುಂದೆ ಚಾಚಿದರು. ಕೆಡವುವ ಮೊದಲು ಒಂದು ಸಲ ಆಡಲಿ ಎಂದರು.

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಮುಕಾದಮರು ಕೋಲನ್ನು ನೋಡಿದರು, ಚೆಂಡನ್ನು ನೋಡಿದರು, ಎದುರಿನ ದಿಬ್ಬವನ್ನು ನೋಡಿದರು. ಕೈ ಮುಗಿದು ತಲೆಯಲ್ಲಾಡಿಸಿದರು.

"ಬ್ಯಾಡ್ರಿ," ಎಂದರು. "ಒಮ್ಮಿ ಆಡಿದ್ನೆಂದ್ರ ಕೆಡವಾಕ ಕೈ ಬರೂದಿಲ್ಲ."

ಇದನ್ನು ಇಂಗ್ಲಿಷಿಗೆ ತಿರುಗಿಸಲು ನನಗೆ ಆಗಲಿಲ್ಲ. ಮುದುಕರು ಕೇಳಲೂ ಇಲ್ಲ, ಕೋಲನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು. ಮುಕಾದಮರು ಗುದ್ದಲಿ ಎತ್ತಿಕೊಂಡು ದಿಬ್ಬಕ್ಕೆ ಹೋಗಿ ಮೊದಲ ಏಟನ್ನು ತಾವೇ ಹಾಕಿದರು. ಆಮೇಲೆ ಎರಡನೆಯದು, ಮೂರನೆಯದು, ಎಲ್ಲಿಯೂ ತಡೆಯದೆ. ನಾನು ಲೆವೆಲ್ಲನ್ನು ಅಲ್ಲೇ ಬಿಟ್ಟು, ಕೋಟು ಬಿಚ್ಚಿಟ್ಟು, ಹಿರಿಯ ಹೆಂಗಸಿನ ಪಕ್ಕ ಹೋಗಿ ನಿಂತೆ. ಅವಳು ನನ್ನ ಮುಖ ನೋಡಿ, ತನ್ನ ಬುಟ್ಟಿಯನ್ನು ನನ್ನ ತಲೆಯ ಮೇಲೆ ಇಟ್ಟಳು.